ಮುಚ್ಚದೆ ಬಿಟ್ಟ ಗೋಡೆ

ಶಿವಗಂಗಮ್ಮ ಕೋಣೆಯ ನಟ್ಟನಡುವೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜೋರಾಗಿ ಒಂದು ಚಪ್ಪಾಳೆ ತಟ್ಟಿದರು.

ಟಪ್ ಎಂದದ್ದು ಅಲ್ಲೇ ನಿಂತಿತು. ಹಿಂದೆ ಒಂದಿಷ್ಟು ಗುನುಗೂ ಇಲ್ಲ. ನಾಲ್ಕೂ ಗೋಡೆಗೆ ಅಂಟಿಸಿದ್ದ ಕಪ್ಪು ಸ್ಪಂಜು ಸದ್ದನ್ನು ಕುಡಿದು ಸುಮ್ಮನಾಯಿತು.

ಅವರು ಮೂಲೆಗೆ ಹೋಗಿ ಇನ್ನೊಂದು ತಟ್ಟಿದರು. ಬಾಗಿಲ ಹತ್ತಿರ ಬಂದು ಮತ್ತೊಂದು. ಆಮೇಲೆ ಮೊಬೈಲು ತೆಗೆದು, ರೆಕಾರ್ಡಿಂಗ್ ಚಾಲೂ ಮಾಡಿ, ಅದೇ ಮೂರು ಜಾಗದಲ್ಲಿ ಮತ್ತೆ ಮೂರು.

"ಏನ್ ಮಾಡ್ತಾ ಇದೀರಿ ಮೇಡಂ?" ಎಂದ ಮೋಹನ್‌ಕುಮಾರ್.

"ನಿನ್ನ ಕೋಣೆ ಮಾತಾಡಿಸ್ತಾ ಇದೀನಪ್ಪ. ನೀನಂತೂ ಬಾಯಿ ಬಿಡ್ತಾ ಇಲ್ಲ, ಇದಾದ್ರೂ ಹೇಳ್ಲಿ."

ಮೋಹನ್‌ಕುಮಾರ್ ನಗಲು ನೋಡಿದ, ನಗು ಅರ್ಧಕ್ಕೇ ನಿಂತಿತು. ಮೂವತ್ತರ ಆಸುಪಾಸಿನ ಹುಡುಗ, ಗಡ್ಡ ಒಪ್ಪವಾಗಿ ಕತ್ತರಿಸಿಕೊಂಡಿದ್ದ. ಹೊಳಲ್ಕೆರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ 'ಬೋರಕ್ಕ ರೆಕಾರ್ಡಿಂಗ್ ಸ್ಟುಡಿಯೋ' ಎಂದು ಬೋರ್ಡು ಹಾಕಿ ಮೂರು ತಿಂಗಳಾಗಿತ್ತು. ಬೋರಕ್ಕ ಅವನ ಅಜ್ಜಿಯ ಹೆಸರು. ಎರಡು ಮದುವೆ ವಿಡಿಯೋಗೆ ದನಿ ಸೇರಿಸಿದ್ದು ಬಿಟ್ಟರೆ ಗಿರಾಕಿಗಳು ಮಹಡಿ ಹತ್ತಿರಲಿಲ್ಲ. ಕಳೆದ ಭಾನುವಾರ ಒಂದು ಹಾಡು ಯೂಟ್ಯೂಬಿಗೆ ಬಿಟ್ಟ ನೋಡಿ, ಅಲ್ಲಿಂದ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು.

ಆ ಹಾಡೇ ಶಿವಗಂಗಮ್ಮನನ್ನು ಹಿರಿಯೂರಿನಿಂದ ಇಲ್ಲಿಗೆ ಎಳೆದು ತಂದಿತ್ತು. ಯಲ್ಲದಕೆರೆ ಪಕ್ಕದ ಹಟ್ಟಿಯ ಗಂಗಕ್ಕನಿಗೆ ಗಂಟಲಿನ ಆಪರೇಷನ್ ಆಗಿ ದನಿ ಪೂರ್ತಿ ಹೋಗಿತ್ತು. ಅದಕ್ಕೆ ಮುಂಚೆ ಹಾಡಿಟ್ಟ ಹನ್ನೊಂದು ಹಾಡುಗಳ ಹಾರ್ಡ್‌ಡಿಸ್ಕ್ ಮನೆಯಿಂದಲೇ ಮಾಯವಾಗಿತ್ತು. ಎಂಬತ್ತು ದಾಟಿದ ಆ ಅಜ್ಜಿಯ ದನಿ ಈ ಲೋಕದಲ್ಲಿ ಉಳಿದಿದ್ದರೆ ಆ ಡಿಸ್ಕಿನಲ್ಲಿ ಮಾತ್ರ. "ಹುಡುಕಿ ತಂದು ಕೊಡ್ತೀನಿ" ಎಂದು ಶಿವಗಂಗಮ್ಮ ಅಜ್ಜಿಯ ಕೈಮೇಲೆ ಕೈ ಇಟ್ಟು ಹೇಳಿ ಬಂದಿದ್ದರು.

"ಮತ್ತೊಂದು ಸಲ ಹೇಳಪ್ಪ," ಎಂದರು ಈಗ, ಕುರ್ಚಿ ಎಳೆದುಕೊಂಡು ಕೂರುತ್ತಾ. "ಆ ಹಾಡು ಎಲ್ಲಿ ಆಗಿದ್ದು?"

"ಇಲ್ಲೇ ಮೇಡಂ. ಇದೇ ಮೈಕು, ಇದೇ ಕೋಣೆ."

"ಹಾಡಿದ್ದು?"

"ನಮ್ಮಜ್ಜಿ ಬೋರಕ್ಕ. ಹೆಸರು ಹಾಕಿದೀನಲ್ಲ."

"ಈಗ ಎಲ್ಲವ್ರೆ ನಿಮ್ಮಜ್ಜಿ?"

"ಹೊಸದುರ್ಗದ ಕಡೆ. ನೆಂಟರ ಮನೆಗೆ ಹೋಗವ್ರೆ."

"ಯಾವ ಊರು?"

ಅವನು ಮೈಕಿನ ತಂತಿಯನ್ನು ಸುಮ್ಮನೆ ಸುತ್ತಿ ಬಿಚ್ಚಿದ. ಶಿವಗಂಗಮ್ಮ ಉತ್ತರಕ್ಕೆ ಕಾಯಲಿಲ್ಲ. ಸುಳ್ಳು ಹೇಳುವವನಿಗೆ ಊರಿನ ಹೆಸರು ಹುಡುಕಲು ಬಿಡುವು ಕೊಡಬಾರದು ಎಂಬುದು ಅವರ ಹಳೆಯ ಪಾಠ.

ಅವರ ಕಿವಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎಎಸ್‌ಐ ಆಗಿ ನಿವೃತ್ತರಾಗುವ ಮುಂಚೆ ಅವರು ಹದಿನೇಳು ವರ್ಷ ಕೂತದ್ದು ಚಿತ್ರದುರ್ಗದ ಪೊಲೀಸ್ ವೈರ್‌ಲೆಸ್ ಕೋಣೆಯಲ್ಲಿ. ಕರಕರ ಸದ್ದಿನ ನಡುವೆ ಯಾರ ದನಿ, ಅವನು ಜೀಪಿನೊಳಗಿದ್ದಾನೋ ಬಯಲಲ್ಲಿ ನಿಂತಿದ್ದಾನೋ, ಚೆಕ್‌ಪೋಸ್ಟಿನ ತಗಡಿನ ಶೆಡ್ಡಿನಲ್ಲಿದ್ದಾನೋ ಎಂದು ಹೇಳಿಬಿಡುತ್ತಿದ್ದರು. "ಬೀಟಿನಲ್ಲಿದೀನಿ ಮೇಡಂ" ಎಂದ ಎಷ್ಟೋ ಪೇದೆಗಳನ್ನು "ಮನೆ ಬಚ್ಚಲಿಂದ ಆಚೆ ಬಾರಪ್ಪ ಮೊದ್ಲು" ಎಂದು ಎಬ್ಬಿಸಿದ ಕೀರ್ತಿ ಅವರದು. ಬಿಪಿ, ಮಂಡಿನೋವು ಎಲ್ಲ ಬಂದವು, ಕಿವಿ ಮಾತ್ರ ಹಾಗೇ ಇತ್ತು. ಅದರ ಬಗ್ಗೆ ಅವರಿಗೆ ಸ್ವಲ್ಪ ಜಂಬವೂ ಇತ್ತು.

"ಹಾಡು ಹಾಕು," ಎಂದರು.

ಮೋಹನ್‌ಕುಮಾರ್ ಹಾಕಿದ. ಎರಡು ದೊಡ್ಡ ಸ್ಪೀಕರುಗಳಿಂದ ಒಂದು ಮುದಿ ದನಿ, ಆದರೆ ಎಲ್ಲೂ ನಡುಗದ ದನಿ, ಕೋಣೆಯನ್ನು ತುಂಬಿತು.

'ಬಾಗಿಲಿಲ್ಲದ ಮನೆಗೆ ದೀಪ ಇಟ್ಟೇನ ತಂಗಿ...'

ಶಿವಗಂಗಮ್ಮ ಕಣ್ಣು ಮುಚ್ಚಿ ಕೇಳಿದರು. ಆ ಹಾಡು ಕೇಳಿದಾಗಲೆಲ್ಲ ಅವರಿಗೆ ಸಂಕಟವಾಗುತ್ತಿತ್ತು. ಈ ದನಿಯ ಒಡತಿ ಈಗ ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು, ಬೇಕು ಬೇಡಗಳನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಾ, ಜಗಲಿಯ ಮೇಲೆ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿರುತ್ತಾರೆ.

"ನಿಲ್ಲಿಸು. 'ತಂಗಿ' ಅಂದ ಮೇಲೆ ಏನೈತೆ ಕೇಳು. ಮತ್ತೆ ಹಾಕು."

ಮತ್ತೆ ಹಾಕಿದ. 'ತಂಗಿ' ಎಂದು ದನಿ ನಿಂತ ಮೇಲೆ, ಅದರ ಬೆನ್ನಿಗೇ, ತೆಳ್ಳಗೆ ಒಂದು ಗುಂಯ್.

"ಕೇಳಿಸ್ತಾ?"

"ಅದು ನಾನು ಹಾಕಿದ ಎಫೆಕ್ಟು ಮೇಡಂ. ರಿವರ್ಬ್ ಅಂತಾರೆ. ದೊಡ್ಡ ಕೋಣೇಲಿ ಹಾಡಿದಂಗೆ ಕೇಳಿಸ್ಲಿ ಅಂತ ಕಂಪ್ಯೂಟರಲ್ಲಿ ಸೇರಿಸ್ತೀವಿ."

"ಸರಿ. ಹಾಗಾದ್ರೆ ಅದನ್ನ ತೆಗೆದು ಹಾಕು."

ಅವನ ಬೆರಳು ಮೌಸಿನ ಮೇಲೇ ನಿಂತಿತು.

"ಸೇರಿಸಿದ್ದು ನೀನೇ ಅಂದ್ಮೇಲೆ ತೆಗೆಯೋಕೂ ಬರ್ಬೇಕಲ್ಲಪ್ಪ."

ಬರಲಿಲ್ಲ. ಬರುವುದೂ ಸಾಧ್ಯವಿರಲಿಲ್ಲ. ಅವರು ಮೊಬೈಲನ್ನು ಮೇಜಿನ ಮೇಲಿಟ್ಟು ಎರಡು ಸದ್ದು ಕೇಳಿಸಿದರು. ಮೊದಲನೆಯದು ಈಗಷ್ಟೇ ಈ ಕೋಣೆಯಲ್ಲಿ ತಟ್ಟಿದ ಚಪ್ಪಾಳೆ: ಟಪ್, ಅಷ್ಟೇ. ಎರಡನೆಯದು ನಿನ್ನೆ ಗಂಗಕ್ಕನ ಮನೆಯಲ್ಲಿ ತಟ್ಟಿದ್ದು: ಟಪ್, ಅದರ ಬೆನ್ನಿಗೇ ಗುಂಯ್.

"ಹಾಡಿನ ಜೊತೆಗೆ ಕೋಣೆನೂ ರೆಕಾರ್ಡ್ ಆಗಿರ್ತೈತೆ ಕಣಪ್ಪ," ಎಂದರು ಶಿವಗಂಗಮ್ಮ. "ನೀನು ಕದ್ದಿರೋದು ಬರೀ ಹಾಡಲ್ಲ, ಅವರ ಮನೆ ಗೋಡೆನೂ ಹೊತ್ಕಂಡು ಬಂದಿದೀಯ."

ಗೋಡೆಯ ಕತೆ ಹೀಗಿತ್ತು. ಗಂಗಕ್ಕನ ಮೊಮ್ಮಗ ಗೋವರ್ಧನ ಹಿರಿಯೂರಿನ ಖಾಸಗಿ ಶಾಲೆಯೊಂದರ ಸಂಗೀತದ ಮೇಷ್ಟ್ರು. ರಾಗಿ ಚೀಲ ಇಡುತ್ತಿದ್ದ ಒಂದು ಕೋಣೆಯನ್ನು ಬರಿದು ಮಾಡಿ ಅದರಲ್ಲೇ ಸ್ಟುಡಿಯೋ ಕಟ್ಟಿಕೊಂಡಿದ್ದ. ಒಂದು ಮೈಕು, ಒಂದು ಲ್ಯಾಪ್‌ಟಾಪು, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ದಾಟಿಸುವ ಅಂಗೈಯಗಲದ ಪೆಟ್ಟಿಗೆ, ಒಂದು ಹೆಡ್‌ಫೋನು. ಉಸಿರು ನೇರ ಮೈಕಿಗೆ ಬಡಿಯದಿರಲೆಂದು ಹೆಂಡತಿ ಕಸೂತಿಗೆ ಬಟ್ಟೆ ಬಿಗಿಯುವ ಮರದ ಬಳೆಗೆ ತೆಳು ದುಪಟ್ಟಾ ಬಿಗಿದು ಮುಂದೆ ನಿಲ್ಲಿಸಿದ್ದ. ಸುತ್ತಲಿನ ಹೊಲಗಳಲ್ಲಿ ಬೋರ್‌ವೆಲ್ ಮೋಟರು ಓಡುವ ಹೊತ್ತು ಹಾಡಿಲ್ಲ. ತ್ರೀ ಫೇಸ್ ಕರೆಂಟು ಹೋಯಿತೆಂದರೆ ಹಟ್ಟಿಗೆಲ್ಲ ಬೇಜಾರು, ಇವನಿಗೆ ಮಾತ್ರ ಖುಷಿ.

ಸ್ಪಂಜಿನ ಬದಲು ಅವನು ಗೋಡೆಗೆ ಹೊಡೆದದ್ದು ಮನೆಯ ಕಂಬಳಿಗಳನ್ನು. ಕುರಿ ಕಾಯುವ ಮನೆಯಲ್ಲಿ ಕಂಬಳಿಗೇನು ಬರ? ಮೂರು ಗೋಡೆ ಮುಚ್ಚಿದವು. ಪೂರ್ವದ ಗೋಡೆ ಹಾಗೇ ಉಳಿಯಿತು. ಅಲ್ಲಿ ತೊಲೆಯಿಂದ ಇಳಿಬಿಟ್ಟ ಹಗ್ಗದಲ್ಲಿ ಮನೆದೇವರ ಗಣೆ ತೂಗುತ್ತಿತ್ತು. ಗಣೆ ಎಂದರೆ ಆಳುದ್ದದ ಬಿದಿರ ಕೊಳಲು. ಗಣೆ ಇರುವ ಗೋಡೆಗೆ ಮೊಳೆ ಹೊಡೆಯುವುದು, ಬಟ್ಟೆ ಮುಚ್ಚುವುದು ಆ ಮನೆಯಲ್ಲಿ ಇಲ್ಲ. ಗೋವರ್ಧನ ಎರಡು ಸಲ ಕೇಳಿದಾಗಲೂ ಅಜ್ಜಿ ಬಿಲ್‌ಕುಲ್ ಒಪ್ಪಿರಲಿಲ್ಲ.

ಮೂರು ಗೋಡೆ ಕಿವುಡು, ಒಂದು ಗೋಡೆ ಬರಿದು. ಆ ಒಂದೇ ಗೋಡೆಯ ಮಾರುದನಿ ಹನ್ನೊಂದು ಹಾಡಿನಲ್ಲೂ ಕೂತಿತ್ತು.

ಮೋಹನ್‌ಕುಮಾರ್ ಆ ಎರಡನೆಯ ಚಪ್ಪಾಳೆಯನ್ನು ತಾನೇ ಮತ್ತೆ ಒತ್ತಿ ಕೇಳಿದ. ಸಿಕ್ಕಿಬಿದ್ದವನ ಮುಖ ಹೋಗಿ, ಒಂದು ಗಳಿಗೆ, ಕಸುಬಿನವನ ಮುಖ ಬಂತು.

"ಇದು ಬರೀ ಕಲ್ಲುಗೋಡೆ ಸದ್ದಲ್ಲ ಮೇಡಂ. ಮಡಕೆ ಒಳಗೆ ಕೂಗಿದಂಗೈತೆ."

"ನನಗೆ ಪಾಠ ಹೇಳಬ್ಯಾಡ. ನೂರು ವರ್ಷದ ಗೋಡೆ, ಹಂಗೇ ಇರ್ತೈತೆ. ಡಿಸ್ಕ್ ಎಲ್ಲಿ?"

ಅಷ್ಟರಲ್ಲಿ ಅವರ ಫೋನು ಬಡಿಯಿತು. ಗೋವರ್ಧನ.

"ಅಕ್ಕ, ಸಿಕ್ತಾ?"

"ಅರ್ಧ ಸಿಕ್ಕೈತೆ. ಇನ್ನರ್ಧ ಎದುರಿಗೇ ಕುಂತೈತೆ. ಏನು ವಿಷಯ?"

"ಏನಿಲ್ಲ, ಯೋಗೇಶ ಬಂದವ್ನೆ." ಯೋಗೇಶ್ ಗೋವರ್ಧನನ ಸ್ಟುಡಿಯೋಗೆ ತಂತಿ ಎಳೆದುಕೊಟ್ಟ ಗೆಳೆಯ. "ಗಣೆನ ಮೊನ್ನೆ ಪೂಜೆ ಮಾಡಿಸಿ ದೇವರ ಕೋಣೆಗೆ ಇಟ್ವಲ್ಲ. ಇನ್ನು ಆ ಗೋಡೆ ಬರೀ ಗೋಡೆ. ಡಿಸ್ಕ್ ಬಂತಂದ್ರೆ ಅದಕ್ಕೆ ಕೊಳಲು, ತಮಟೆ ಎಲ್ಲ ಸೇರಿಸಬೇಕು, ಆ ಗುಂಯ್ ಇರಬಾರ್ದು. ಮರದ ಪಟ್ಟಿ ಹೊಡೆದು ಕಂಬಳಿ ಮುಚ್ಚಾಣ ಅಂತ. ನಿಮ್ಮ ಕೇಸಿಗೆ ಆ ಗೋಡೆ ಹಂಗೇ ಬೇಕಾ ಅಂತ ಕೇಳಾಕೆ ಮಾಡ್ದೆ."

"ಸದ್ದು ನನ್ನ ಫೋನಲ್ಲೈತೆ. ಮಾಡ್ಕಳ್ರಿ."

"ಅಜ್ಜಿದೊಂದು ರಗಳೆ ಅಕ್ಕ. ಡ್ರಿಲ್ಲು ನೋಡಿದ್ದೇ ಕೈ ಅಡ್ಡ ಹಿಡಿದು ನಿಂತವ್ರೆ. ಬ್ಯಾಡ ಬ್ಯಾಡ ಅಂತ ತಲೆ ಅಲ್ಲಾಡಿಸ್ತಾವ್ರೆ."

"ದನಿ ಹೋದ ಸಂಕಟಕ್ಕೆ ಎಲ್ಲದಕ್ಕೂ ಹಂಗೆ ಮಾಡ್ತಾರಪ್ಪ. ಸಂಜೆ ನಾನೇ ಡಿಸ್ಕ್ ತಂದು ಕೈಗೆ ಇಡ್ತೀನಿ ಅಂತ ಹೇಳು, ಸುಮ್ನಾಗ್ತಾರೆ."

ಫೋನಿಟ್ಟರು. ತಾವು ಹೇಳಿದ್ದರಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ ಅವರಿಗೆ.

"ಹೂಂ, ಹೇಳಪ್ಪ. ಮೊದಲಿನಿಂದ ಹೇಳು. ನಡುವೆ ಹೊಸದುರ್ಗಕ್ಕೆ ಹೋಗಬ್ಯಾಡ."

ಮೋಹನ್‌ಕುಮಾರ್ ಎದ್ದು ಬಾಗಿಲು ಹಾಕಿ ಬಂದ. ಕೂತ. ಮುಖ ಒರೆಸಿಕೊಂಡ.

"ಕದ್ದಿಲ್ಲ ಮೇಡಂ. ನಮ್ಮಪ್ಪನಾಣೆ ಕದ್ದಿಲ್ಲ. ಇಲ್ಲೇ ರೆಕಾರ್ಡ್ ಮಾಡಿದ್ದು ಅಂದದ್ದು ಸುಳ್ಳು. ಹೊಸ ಸ್ಟುಡಿಯೋ, ಯಾರೂ ಬರ್ತಾ ಇಲ್ಲ, ಇಷ್ಟು ಚೆಂದದ ಹಾಡು ಇಲ್ಲೇ ಆಗಿದ್ದು ಅಂದ್ರೆ ನಾಲ್ಕು ಜನ ಬರ್ತಾರೆ ಅಂತ ಆಸೆ ಬಿತ್ತು. ಅದೊಂದು ತಪ್ಪು. ಆದ್ರೆ ಡಿಸ್ಕ್ ನನಗೆ ಬಸ್ಸಲ್ಲಿ ಬಂತು."

"ಬಸ್ಸಲ್ಲಿ."

"ಹಿರಿಯೂರಿಂದ ಬರೋ ಪ್ರೈವೇಟ್ ಬಸ್ಸು. ಕಂಡಕ್ಟರು ಫೋನ್ ಮಾಡಿ, ನಿಮಗೊಂದು ಪಾರ್ಸಲ್ಲು, ಒಬ್ರು ಅಜ್ಜಿ ಕೊಡ್ತಾವ್ರೆ ಅಂದ. ಆಮೇಲೆ ಆ ಅಜ್ಜಿನೇ ಫೋನ್ ಇಸ್ಕಂಡು ಮಾತಾಡಿದ್ರು."

ಶಿವಗಂಗಮ್ಮ ನೆಟ್ಟಗಾದರು. "ಏನಂದ್ರು?"

"'ನಿಮ್ಮಜ್ಜಿ ಹಾಡು ಕಳಿಸಿದೀನಿ ಮಗ, ಅವಳ ಹೆಸರಲ್ಲೇ ಆಚೆ ಬರ್ಲಿ' ಅಂದ್ರು. ಯಾರು ನೀವು ಅಂತ ಕೇಳೋದ್ರೊಳಗೆ ಫೋನ್ ಕಟ್ಟಾತು. ತಿರುಗಿ ಮಾಡಿದ್ರೆ ಕಂಡಕ್ಟರು, ಅಜ್ಜಿ ಹೋದ್ರು ಅಂದ."

"ನಿಮ್ಮಜ್ಜಿ ಬೋರಕ್ಕ ಎಲ್ಲವ್ರೆ, ನಿಜ ಹೇಳು."

"ನಾನು ನೋಡೇ ಇಲ್ಲ ಮೇಡಂ." ಅವನ ದನಿ ಇಳಿಯಿತು. "ನಮ್ಮಪ್ಪ ಐದು ವರ್ಷದೋನಿದ್ದಾಗ ಮನೆ ಬಿಟ್ಟು ಹೋದ್ರಂತೆ. ಯಾರ ಜೊತೆಗೋ ಓಡೋದ್ರು ಅಂತ ಊರೆಲ್ಲ ಅಂದ್ರಂತೆ. ಹಿರಿಯೂರು ಕಡೆ ಯಾವುದೋ ಊರು. ಅಪ್ಪನ್ನ ಅವರ ಸೋದರಮಾವ ಇಲ್ಲಿಗೆ ತಂದು ಸಾಕಿದ್ರು. ಅಪ್ಪ ಸಾಯೋತನಕ ಆ ಊರಿನ ಹೆಸರು ಎತ್ತಗೊಡಲಿಲ್ಲ. ಆದ್ರೆ ಅವರಮ್ಮ ಚೆಂದ ಹಾಡ್ತಿದ್ರು ಅಂತ ಮಾತ್ರ ಆಗಾಗ ಅಂತಿದ್ರು. ಅದಕ್ಕೇ ಬೋರ್ಡಿಗೆ ಅಜ್ಜಿ ಹೆಸರು ಇಟ್ಟೆ."

ಇಷ್ಟು ಹೇಳುವಾಗ ಅವನು ಶಿವಗಂಗಮ್ಮನ ಕಣ್ಣು ತಪ್ಪಿಸಲಿಲ್ಲ. ಈ ಹುಡುಗ ಈಗ ನಿಜ ಹೇಳುತ್ತಿದ್ದಾನೆ ಎಂದು ಅವರಿಗೆ ಖಾತ್ರಿಯಾಯಿತು.

"ಪಾರ್ಸಲ್ಲು ಬಂದದ್ದು ಯಾವತ್ತು?"

ಎಲ್ಲದಕ್ಕೂ ಫೋಟೋ ಹೊಡೆದು ಸ್ಟುಡಿಯೋ ಪೇಜಿಗೆ ಹಾಕುವ ಚಟ ಅವನದು. ಫೋನಿನಲ್ಲಿ ಹುಡುಕಿ ತೋರಿಸಿದ. ಮೇಜಿನ ಮೇಲೆ ಒಂದು ಪುಟ್ಟ ಗಂಟು, ಕೆಳಗೆ ತಾರೀಖು, ಮಧ್ಯಾಹ್ನ ಹನ್ನೆರಡೂಕಾಲು.

ಶಿವಗಂಗಮ್ಮ ತಾರೀಖನ್ನು ಎರಡು ಸಲ ಓದಿದರು.

ಅದು ಸೋಮವಾರ. ಬೆಳಿಗ್ಗೆ ಏಳಕ್ಕೆ ಗಂಗಕ್ಕನ ಮನೆಯವರೆಲ್ಲ ಬೀಗ ಹಾಕಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಹೊರಟ ಸೋಮವಾರ. ಹದಿನೈದು ದಿನ ಬಿಟ್ಟು ಬಂದು ನೋಡಿದಾಗ ಡಿಸ್ಕ್ ಇರಲಿಲ್ಲ. ಬೀಗ ಹಾಗೇ ಇತ್ತು, ಹೆಂಚು ಸರಿದಿರಲಿಲ್ಲ. ಆ ಹದಿನೈದು ದಿನದಲ್ಲಿ ಮನೆಯ ಹತ್ತಿರ ಸುಳಿದವರು ಯಾರು ಎಂದು ಶಿವಗಂಗಮ್ಮ ಇಡೀ ಹಟ್ಟಿಯನ್ನು ಜಾಲಾಡಿದ್ದರು. ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಯೋಗೇಶನನ್ನು ಮೂರು ದಿನ ಕಾಡಿದ್ದರು. ಪಾಪ, ಅವನು ಊಟ ಬಿಟ್ಟಿದ್ದ.

ಡಿಸ್ಕ್ ಮನೆಯವರು ಹೋದ ಮೇಲೆ ಹೋದದ್ದಲ್ಲ. ಮನೆಯವರ ಜೊತೆಗೇ ಹೋಗಿತ್ತು.

ಹಿರಿಯೂರು ಬಸ್ ನಿಲ್ದಾಣ. ಅಲ್ಲಿ ದಾವಣಗೆರೆ ಬಸ್ಸಿಗೆ ಕಾದದ್ದು ಮುಕ್ಕಾಲು ಗಂಟೆ. ಗೋವರ್ಧನನೇ ಹೇಳಿದ್ದ: ಅಜ್ಜಿಯನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ ತಿಂಡಿ ಕಟ್ಟಿಸಿಕೊಂಡು ಬರಲು ಹೋಗಿದ್ದೆವು ಎಂದು. ಅಜ್ಜಿಗೆ ಆಗ ಇನ್ನೂ ದನಿ ಇತ್ತು.

"ಗಂಟು ಕಟ್ಟಿದ್ದು ಇಟ್ಟಿದೀಯಾ?"

"ಹಂಗೇ ಐತೆ." ಅವನು ಕೆಳಗಿನ ಡ್ರಾಯರು ಎಳೆದು ಒಂದು ಗಂಟನ್ನು ಮೇಜಿನ ಮೇಲಿಟ್ಟ.

ಹಾರ್ಡ್‌ಡಿಸ್ಕ್ ಕಂಬಳಿಯ ತುಂಡಿನೊಳಗಿತ್ತು. ಕಂಬಳಿಯ ಮೇಲೆ ಮೋಹನ್‌ಕುಮಾರನ ಸ್ಟುಡಿಯೋದ ಕಾರ್ಡು. ಅದನ್ನೆಲ್ಲ ಸೇರಿಸಿ ಸುತ್ತಿದ ದಾರ ಉಣ್ಣೆಯದು, ಕರಿಯ ಎಳೆ ಬಿಳಿಯ ಎಳೆ ಎರಡನ್ನೂ ಹೊಸೆದು ಒಂದು ಮಾಡಿದ್ದು. ಇಂಥ ದಾರವನ್ನು ಶಿವಗಂಗಮ್ಮ ಒಂದೇ ಕಡೆ ನೋಡಿದ್ದರು. ಗಂಗಕ್ಕನ ಕದಿರಿನಲ್ಲಿ. "ಹಟ್ಟೀಲಿ ಇನ್ಯಾರೂ ಹಿಂಗೆ ಹೊಸೆಯಲ್ಲ, ಅಜ್ಜಿ ಒಬ್ರೇ" ಎಂದು ಗೋವರ್ಧನ ಹೆಮ್ಮೆಯಿಂದ ತೋರಿಸಿದ್ದ.

"ಈ ಕಾರ್ಡು ಯಾರಿಗೆ ಕೊಟ್ಟಿದ್ದೆ?"

"ಕಾರ್ಡು ಯೋಗೇಶಂಗೆ ಕೊಟ್ಟಿದ್ದೆ, ಹಿರಿಯೂರಿನೋನು. ಇಲ್ಲಿನ ತಂತಿ ಕೆಲಸ ಅವನೇ ಮಾಡಿದ್ದು. ಹೋದಲ್ಲೆಲ್ಲ ಒಂದೊಂದು ಕೊಟ್ಟು ಬಾರಪ್ಪ ಅಂತ ಒಂದು ಕಟ್ಟೇ ಕೊಟ್ಟಿದ್ದೆ."

ಸರಿ. ಕಾರ್ಡು ಹಟ್ಟಿಗೆ ಹೋಗಿದೆ. ಮೇಲೆ ಬೋರಕ್ಕನ ಹೆಸರು. ಗಂಗಕ್ಕ ಅದನ್ನು ಯಾರಿಂದಲೋ ಓದಿಸಿಕೊಂಡಿದ್ದಾರೆ; ಅದು ಸ್ಟುಡಿಯೋದವನ ಅಜ್ಜಿಯ ಹೆಸರೆಂದು ಯೋಗೇಶನೇ ಹೇಳಿರಬೇಕು.

ಶಿವಗಂಗಮ್ಮನಿಗೆ ನಗು ಬಂತು. ಕಳ್ಳನೂ ಇಲ್ಲ, ಕಳ್ಳತನವೂ ಇಲ್ಲ. ಡಿಸ್ಕ್ ಎದುರಿಗಿದೆ, ಅಜ್ಜಿಯ ದನಿ ಕ್ಷೇಮವಾಗಿದೆ, ಕೊಟ್ಟ ಮಾತು ಉಳಿಯಿತು. ಹಳೆಯ ಜೊತೆಗಾತಿಯ ಹೆಸರು ಉಳಿಯಲಿ ಎಂದು ಒಬ್ಬ ಮುದುಕಿ ಮಾಡಿದ ಕೆಲಸ ಇದು, ಅಷ್ಟೇ. ಮೊಮ್ಮಗನಿಗೆ ನೇರ ಹೇಳಬಹುದಿತ್ತಲ್ಲ ಎಂದುಕೊಂಡರು. ಆ ಪ್ರಶ್ನೆ ಅವರನ್ನು ಇನ್ನೊಂದು ಗಳಿಗೆ ಕಾಡಿದ್ದರೆ ಚೆನ್ನಾಗಿತ್ತು.

"ಹಾಕು, ಎಲ್ಲ ಸರಿ ಇದೆಯಾ ನೋಡಾಣ. ಹನ್ನೊಂದು ಹಾಡು."

"ಹನ್ನೆರಡವೆ ಮೇಡಂ."

"ಹನ್ನೊಂದು ಕಣಪ್ಪ. ಗೋವರ್ಧನ ಬರೆದು ಕೊಟ್ಟವ್ನೆ."

"ಹನ್ನೊಂದು ಹಾಡು. ಹನ್ನೆರಡನೇದು ಹಾಡಲ್ಲ. ಒಂದು ಗಳಿಗೆ ಕೇಳ್ದೆ, ಏನೂ ಇಲ್ಲ, ಬರೀ ಉಸಿರು. ಮೈಕ್ ಆಫ್ ಮಾಡೋದು ಮರೆತವ್ರೆ ಅಂತ ಬಿಟ್ಟೆ."

ಗಂಗಕ್ಕ ಜನರೆದುರು ಹಾಡುವವರಲ್ಲ, ಮೊಮ್ಮಗನೆದುರೂ ನಾಚಿಕೆ. ಅದಕ್ಕೆ ಗೋವರ್ಧನ ಒಂದು ಉಪಾಯ ಮಾಡಿದ್ದ. ಲ್ಯಾಪ್‌ಟಾಪಿನ ಒಂದು ಕೀಲಿಯ ಮೇಲೆ ಹಣೆಗಿಡುವ ಸ್ಟಿಕ್ಕರ್ ಬೊಟ್ಟು ಅಂಟಿಸಿ, "ಬೊಟ್ಟು ಒತ್ತಿ ಹಾಡಜ್ಜಿ, ಮುಗಿದ ಮೇಲೆ ಮತ್ತೆ ಒತ್ತು" ಎಂದು ಕಲಿಸಿ, ಬಾಗಿಲು ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲವೆಂದು ಎಲ್ಲವೂ ನೇರ ಡಿಸ್ಕಿಗೇ ಹೋಗುತ್ತಿತ್ತು. ಇನ್ನೊಂದು ನಕಲು ತೆಗೆದಿಡಬೇಕೆಂದು ಅವನಿಗೆ ಹೊಳೆಯಲಿಲ್ಲ, ಮೇಷ್ಟ್ರ ತಪ್ಪು ಅದೊಂದೇ.

ಅಂದರೆ ಆ ಕೋಣೆಯಲ್ಲಿ ಅಜ್ಜಿ ಒಬ್ಬರೇ ಕೂತು, ಯಾರಿಗೂ ತಿಳಿಯದಂತೆ, ಬೊಟ್ಟು ಒತ್ತಬಹುದಿತ್ತು.

"ಹನ್ನೆರಡನೇದು ಹಾಕು. ಹೆಡ್‌ಫೋನ್ ಬ್ಯಾಡ, ಇಬ್ರೂ ಕೇಳಾಣ."

ಉಸಿರು. ದೂರದಲ್ಲಿ ಕುರಿಯ ಕೊರಳ ಗಂಟೆ. ಒಂದು ನಿಮಿಷ ಹಾಗೇ ಹೋಯಿತು. ಮೋಹನ್‌ಕುಮಾರ್ 'ನೋಡಿದ್ರಾ' ಎಂಬಂತೆ ಕೈ ಬಿಚ್ಚಿದ. ಶಿವಗಂಗಮ್ಮ ತಡಿ ಎಂದು ಸನ್ನೆ ಮಾಡಿದರು.

ಒಂದು ಕೆಮ್ಮು. ಅದರ ಹಿಂದೆಯೇ ಗೋಡೆಯ ಗುಂಯ್. ಆಮೇಲೆ ದನಿ.

'ಬೋರಕ್ಕನ ಮೊಮ್ಮಗನೇ, ನಾನು ಗಂಗಕ್ಕ. ನಿಮ್ಮಜ್ಜಿ ಜೊತೆಗಾತಿ. ನಾಳೆ ಆಸ್ಪತ್ರೆಗೆ ಕರ್ಕಂಡು ಹೋಗ್ತಾರೆ. ಗಂಟ್ಲು ಕುಯ್ದ ಮ್ಯಾಲೆ ಹೇಳಾಕೆ ಆಗಲ್ಲ, ಅದಕ್ಕೇ ಇವತ್ತು ಹೇಳ್ತೀನಿ. ಈ ಹಾಡೆಲ್ಲ ಅವಳವು. ಕುರಿ ಹಿಂದೆ ತಿರುಗ್ತಾ ನಂಗೆ ಕಲಿಸಿದ್ಲು. ನಾನು ಬರೀ ಇಟ್ಕಂಡಿದ್ದೆ.'

ಮೋಹನ್‌ಕುಮಾರ್ ಕುರ್ಚಿಯ ತುದಿಗೆ ಬಂದಿದ್ದ.

'ಬೋರಿ ಓಡೋದ್ಲು ಅಂತ ಊರೆಲ್ಲ ಅಂದ್ರು. ನಾನೂ ಹೂಂ ಅಂದೆ. ಅವಳು ಓಡಿ ಹೋಗಲಿಲ್ಲ ಮಗ. ಆವತ್ತು ನಮ್ಮನೆ ಹೊಸ್ತಿಲು ದಾಟಿ ಒಳಗೆ ಬಂದ್ಲು. ಆಚೆಗೆ ಹೋಗಲಿಲ್ಲ.'

ಉಸಿರು. ಗಂಟೆ. ಮತ್ತೆ ಉಸಿರು.

'ಗೋವರ್ಧನ ಪೂರ್ವದ ಗೋಡೆಗೂ ಕಂಬಳಿ ಹೊಡಿತೀನಿ ಅಂತಾನೆ. ಗಣೆ ಐತೆ, ಮೊಳೆ ಹೊಡಿಬ್ಯಾಡ ಅಂದೆ. ಅವನಿಗೇನು ಗೊತ್ತು. ಗಣೆ ಅಲ್ಲಿಗೆ ಬಂದದ್ದೇ ಆ ಗೋಡೆ ಕಟ್ಟಿದ ಮ್ಯಾಲೆ. ಯಾರೂ ಮುಟ್ಟದಿರ್ಲಿ ಅಂತ ನಮ್ಮ ಮಾವನೇ ತಂದು ತೂಗು ಹಾಕಿದ್ದು. ಇಷ್ಟು ದಿನ ನಾನು ಕಾದೆ...'

ಮಾತು ಅಲ್ಲಿಗೆ ಮುರಿಯಿತು. ದೂರದಿಂದ ಯಾರೋ 'ಅಜ್ಜೀ' ಎಂದು ಕೂಗಿದ್ದು, ಟಕ್ ಎಂದು ಕೀಲಿ ಒತ್ತಿದ್ದು, ಅಷ್ಟೇ.

ಮಡಕೆಯೊಳಗೆ ಕೂಗಿದಂತಿದೆ ಎಂದಿದ್ದ ಹುಡುಗ. ಅವರು ಪಾಠ ಹೇಳಬೇಡ ಎಂದಿದ್ದರು. ಅಜ್ಜಿ ಕೈ ಅಡ್ಡ ಹಿಡಿದು ನಿಂತಿದ್ದರು. ದನಿ ಹೋದ ಸಂಕಟಕ್ಕೆ ಹಾಗೆ ಮಾಡ್ತಾರೆ ಎಂದು ಶಿವಗಂಗಮ್ಮನೇ ಹೇಳಿದ್ದರು. ಹದಿನೇಳು ವರ್ಷದ ಕಿವಿ ಒಂದೇ ಮಧ್ಯಾಹ್ನ ಎರಡು ಸಲ ಕಿವುಡಾಗಿತ್ತು. ಶಿವಗಂಗಮ್ಮನಿಗೆ ತಮ್ಮ ಮೇಲೆಯೇ ವಿಪರೀತ ಸಿಟ್ಟು ಬಂತು.

ಗೋವರ್ಧನನಿಗೆ ಫೋನ್ ಮಾಡಿದರು. ಬಡಿದು ಬಡಿದು ನಿಂತಿತು. ಮತ್ತೆ ಮಾಡಿದರು.

ಮೂರನೆಯ ಸಲಕ್ಕೆ ಎತ್ತಿದ. ಅವನ ದನಿಗಿಂತ ಮೊದಲು ಬಂದದ್ದು ಡ್ರಿಲ್ಲಿನ ಗರ್ರ್.

"ಗೋವರ್ಧನ, ಅದನ್ನ ನಿಲ್ಲಿಸು."

"ಹಲೋ? ಅಕ್ಕಾ, ಕೇಳಿಸ್ತಾ ಇಲ್ಲ..."

"ನಿಲ್ಲಿಸು ಅಂದೆ. ಆ ಗೋಡೆ ಮುಟ್ಟಬ್ಯಾಡ್ರಿ."

ಡ್ರಿಲ್ಲಿನ ಸದ್ದು ಗಟ್ಟಿಯಾಗಿ ಏರಿತು, ಒಮ್ಮೆಗೇ ಹಗುರಾಯಿತು, ಎದುರಿಗೆ ಕೊರೆಯಲು ಏನೂ ಇಲ್ಲದಂತೆ ಸುಮ್ಮನೆ ತಿರುಗಿತು. ಆಮೇಲೆ ನಿಂತಿತು. ಆ ಕಡೆ ಯೋಗೇಶ್ ಏನೋ ಅಂದ.

"ಗೋವರ್ಧನ, ಅಲ್ಲಿ ಏನಾಗ್ತಾ ಐತೆ, ಹೇಳು."

"ಅಕ್ಕ," ಎಂದ ಗೋವರ್ಧನ. ದನಿ ಬಹಳ ಸಣ್ಣದಾಗಿತ್ತು. "ಗೋಡೆ ಒಳಗೆ ಟೊಳ್ಳೈತೆ. ಅಜ್ಜಿ ನೆಲದ ಮೇಲೆ ಕುಂತ್ಬಿಟ್ರು, ಎತ್ತಿದ್ರೂ ಏಳ್ತಾ ಇಲ್ಲ."

"ಅಜ್ಜಿ ಹತ್ರ ಹೋಗು. ಗೋಡೆಯಿಂದ ದೂರ ಬರ್ರಿ ಇಬ್ರೂ."

"ಡ್ರಿಲ್ಲಿನ ಮೂತಿಗೆ ಏನೋ ಸುತ್ಕಂಡು ಬಂದೈತೆ ಅಕ್ಕ. ದಾರ. ಉಣ್ಣೆ ದಾರ."

ಶಿವಗಂಗಮ್ಮ ಮೇಜಿನ ಮೇಲಿದ್ದ ಗಂಟಿನ ಕಡೆ ನೋಡಿದರು. ಮೋಹನ್‌ಕುಮಾರನೂ ಅದನ್ನೇ ನೋಡುತ್ತಿದ್ದ.

"ಬಣ್ಣ ಹೇಳು," ಎಂದರು.

ಗೋವರ್ಧನ ದಾರವನ್ನು ಬೆಳಕಿಗೆ ಹಿಡಿದಿರಬೇಕು.

"ಒಂದು ಎಳೆ ಕರಿ ಅಕ್ಕ. ಒಂದು ಎಳೆ ಬಿಳಿ."